ಎರಡು ಕೀಲು, ಒಂದು ನಿರ್ಧಾರ

ಸೊಂಟದ ಎರಡೂ ಕೀಲುಗಳು ಹಾಳಾದ ರೋಗಿಯ ಮುಂದೆ ವೈದ್ಯರು ಇಡುವ ಪ್ರಶ್ನೆ ಕೇಳುವುದಕ್ಕೆ ಸರಳವಾಗಿದೆ. ಎರಡನ್ನೂ ಒಂದೇ ದಿನ, ಒಂದೇ ಅರಿವಳಿಕೆಯಲ್ಲಿ ಬದಲಿಸಿಬಿಡಬೇಕೇ? ಅಥವಾ ಒಂದನ್ನು ಈಗ, ಮತ್ತೊಂದನ್ನು ಕೆಲವು ತಿಂಗಳ ನಂತರ ಬದಲಿಸಬೇಕೇ? ಇದು ವೈದ್ಯಕೀಯ ಪ್ರಶ್ನೆ, ಇದಕ್ಕೆ ವೈದ್ಯರೇ ಉತ್ತರ ಹೇಳಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಆ ಪ್ರಶ್ನೆಯ ಎದುರು ಕುಳಿತು ನೋಡಿದಾಗ, ಹೃದಯದ ಶಕ್ತಿ, ರಕ್ತದ ಪ್ರಮಾಣ, ಶ್ವಾಸಕೋಶದ ಸ್ಥಿತಿಗಳ ಜೊತೆಗೆ ಮಗಳಿಗೆ ಸಿಗುವ ರಜೆ, ವಿಮೆಯ ಮಿತಿ, ಆಸ್ಪತ್ರೆಯ ಪ್ಯಾಕೇಜ್ ದರ, ಮನೆಯ ಮೆಟ್ಟಿಲು ಇವೆಲ್ಲವೂ ತಕ್ಕಡಿಯಲ್ಲಿ ಬಂದು ಕುಳಿತಿರುತ್ತವೆ. ಎಷ್ಟೋ ಸಲ ದೇಹಕ್ಕಿಂತ ಇವುಗಳ ತೂಕವೇ ಹೆಚ್ಚಾಗುತ್ತದೆ. ನನ್ನ 66ನೆಯ ವಯಸ್ಸಿನಲ್ಲಿ ಈ ಪ್ರಶ್ನೆ ನನಗೇ ಎದುರಾಯಿತು. ಅದನ್ನು ಕುರಿತು ಓದಿದ್ದನ್ನು, ಕೇಳಿದ್ದನ್ನು, ಕಂಡದ್ದನ್ನು ಇಲ್ಲಿ ದಾಖಲಿಸುವುದರಿಂದ ಇತರರಿಗೆ ಉಪಯೋಗವಾದೀತೆಂಬುದು ನನ್ನ ಆಶಯ.

ಮೊದಲಿಗೆ ಭಾಷೆಯ ಒಂದು ತೊಡಕು. ಕನ್ನಡದಲ್ಲಿ 'ಸೊಂಟ' ಎಂಬ ಒಂದೇ ಪದ ನಡುವಿಗೂ, ಬೆನ್ನಿನ ಕೆಳಭಾಗಕ್ಕೂ, ತೊಡೆಯೆಲುಬು ದೇಹಕ್ಕೆ ಕೂಡುವ ಕೀಲಿಗೂ ಬಳಕೆಯಾಗುತ್ತದೆ. 'ಸೊಂಟ ನೋವು' ಎಂದಾಗ ನಮ್ಮ ಕೈ ಹೋಗುವುದು ಬೆನ್ನಿನ ಕಡೆಗೆ. ಆದರೆ ಕೀಲಿನ ನೋವು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಮುಂಭಾಗದ ತೊಡೆಸಂದಿನಲ್ಲಿ. ಕೆಲವೊಮ್ಮೆ ಅದು ತೊಡೆಯುದ್ದಕ್ಕೂ ಇಳಿದು ಮೊಣಕಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಹೀಗಾಗಿ ಎಷ್ಟೋ ಮಂದಿ ತಿಂಗಳುಗಟ್ಟಲೆ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ, ಮೊಣಕಾಲಿನ ಎಕ್ಸ್-ರೇ ತೆಗೆಸಿಕೊಳ್ಳುತ್ತಾರೆ. ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಲಾಗದೆ, ಕಾಲ್ಬೆರಳಿನ ಉಗುರು ಕತ್ತರಿಸಿಕೊಳ್ಳಲು ಬಗ್ಗಲಾಗದೆ ಹೋದಾಗ ಮಾತ್ರ ನಿಜವಾದ ತೊಂದರೆ ಎಲ್ಲಿದೆ ಎಂಬುದು ತಿಳಿಯುತ್ತದೆ.

ಈ ಕೀಲು ಒಂದು ಬಟ್ಟಲೊಳಗೆ ತಿರುಗುವ ಚೆಂಡಿನಂತೆ. ತೊಡೆಯೆಲುಬಿನ ತುದಿ ಚೆಂಡು. ಕಟಿಯೆಲುಬಿನಲ್ಲಿರುವ ಗುಳಿಯೇ ಬಟ್ಟಲು. ಶಸ್ತ್ರಚಿಕಿತ್ಸೆಯಲ್ಲಿ ಹಾಳಾದ ಚೆಂಡನ್ನು ಕತ್ತರಿಸಿ ತೆಗೆದು, ತೊಡೆಯೆಲುಬಿನ ಒಳಗೆ ಲೋಹದ ಕಡ್ಡಿಯೊಂದನ್ನು ಇಳಿಸಿ, ಅದರ ತುದಿಗೆ ಲೋಹ ಅಥವಾ ಸಿರಾಮಿಕ್‌ನ ಹೊಸ ಚೆಂಡನ್ನು ಕೂರಿಸುತ್ತಾರೆ. ಗುಳಿಯನ್ನು ಕೆರೆದು ಅದಕ್ಕೂ ಹೊಸ ಬಟ್ಟಲು ಹಾಕುತ್ತಾರೆ. ಇದಕ್ಕೆ ಇಂದಿನ ರೂಪ ಕೊಟ್ಟವರು ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್‌ಲಿ. ಅವರು ಮೊದಲು ಬಳಸಿದ ಟೆಫ್ಲಾನ್ ಬಟ್ಟಲುಗಳು ಬೇಗ ಸವೆದು ವಿಫಲವಾದವು. 1962ರಲ್ಲಿ ಗಟ್ಟಿ ಪಾಲಿಥಿಲೀನ್ ಬಳಸಲಾರಂಭಿಸಿದ ಮೇಲೆ ಈ ಚಿಕಿತ್ಸೆ ನೆಲೆ ನಿಂತಿತು. 2007ರಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯ ಲೇಖನವೊಂದು ಇದನ್ನು ಶತಮಾನದ ಶಸ್ತ್ರಚಿಕಿತ್ಸೆ ಎಂದೇ ಕರೆಯಿತು. ಎರಡೂ ಬದಿಯನ್ನು ಒಮ್ಮೆಗೇ ಬದಲಿಸುವ ಯೋಚನೆಯೂ ಹೊಸದಲ್ಲ. 1971ರಲ್ಲೇ ಚಾರ್ನ್‌ಲಿ ಮತ್ತು ಅವರ ಸಹೋದ್ಯೋಗಿ ಜಾಫೆ ಅಂತಹ 50 ಪ್ರಕರಣಗಳ ವರದಿಯನ್ನು ಪ್ರಕಟಿಸಿದ್ದರು. ಅಂದಿನಿಂದ ಇಂದಿನವರೆಗೆ ಈ ಚರ್ಚೆ ಮುಗಿದಿಲ್ಲ.

ನಮ್ಮ ದೇಶದಲ್ಲಿ ಈ ಚರ್ಚೆಗೆ ವಿಶೇಷ ಮಹತ್ವವಿದೆ. ಪಾಶ್ಚಾತ್ಯ ದೇಶಗಳಲ್ಲಿ ಸೊಂಟದ ಕೀಲು ಬದಲಿಸಿಕೊಳ್ಳುವವರಲ್ಲಿ ಹೆಚ್ಚಿನವರು ವಯೋಸಹಜ ಸವೆತದಿಂದ ಬಳಲುವ ವೃದ್ಧರು. ನಮ್ಮಲ್ಲಿ ಹಾಗಲ್ಲ. ತೊಡೆಯೆಲುಬಿನ ತಲೆಗೆ ರಕ್ತ ಪೂರೈಕೆ ನಿಂತು ಮೂಳೆ ಸಾಯುವ 'ಅವ್ಯಾಸ್ಕುಲರ್ ನೆಕ್ರೋಸಿಸ್', ಬೆನ್ನುಮೂಳೆಯ ಕೀಲುಗಳನ್ನು ಬಿಗಿಗೊಳಿಸುವ 'ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್', ಸಂಧಿವಾತ ಇವುಗಳಿಂದ ಮೂವತ್ತು ನಲವತ್ತರ ಹರೆಯದವರೇ ಆಸ್ಪತ್ರೆಗೆ ಬರುತ್ತಾರೆ. ಈ ರೋಗಗಳು ಒಂದೇ ಬದಿಗೆ ತೃಪ್ತವಾಗುವುದು ಕಡಿಮೆ. ಅತಿಯಾದ ಮದ್ಯಪಾನ, ದೀರ್ಘಕಾಲದ ಅಥವಾ ಹೆಚ್ಚು ಪ್ರಮಾಣದ ಸ್ಟಿರಾಯ್ಡ್ ಸೇವನೆ ಮೂಳೆ ಸಾಯುವುದಕ್ಕೆ ಮುಖ್ಯ ಕಾರಣಗಳು. ಕೋವಿಡ್ ಚಿಕಿತ್ಸೆಯಲ್ಲಿ ಸ್ಟಿರಾಯ್ಡ್ ಪಡೆದವರಲ್ಲಿ ಈ ತೊಂದರೆ ಕಾಣಿಸಿಕೊಂಡ ಪ್ರಕರಣಗಳನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದು ಹಲವರಿಗೆ ನೆನಪಿರಬಹುದು. ಜೀವ ಉಳಿಸಿದ ಔಷಧವೇ ಕೀಲನ್ನು ಕಸಿದುಕೊಂಡ ಪ್ರಸಂಗ ಅದು.

ಎರಡೂ ಸೊಂಟಗಳು ಒಟ್ಟಿಗೇ ಹಾಳಾಗುವುದೆಂದರೆ ಏನು ಎಂಬುದನ್ನು ಕರ್ನಾಟಕ ಐದು ದಶಕಗಳಿಂದ ಬಲ್ಲದು. 1970ರ ದಶಕದ ಮಧ್ಯಭಾಗದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ದಲಿತ ಕೃಷಿಕೂಲಿ ಕುಟುಂಬಗಳ ಹಲವರು ಸೊಂಟ, ಮೊಣಕಾಲುಗಳ ನೋವಿನಿಂದ ನಡೆಯಲಾರದೆ ಹೋದರು. ಗದ್ದೆಗೆ ಹೊಡೆದ ಕೀಟನಾಶಕ ಏಡಿ, ಮೀನುಗಳ ಮೂಲಕ ದೇಹಕ್ಕೆ ಸೇರಿರಬೇಕೆಂದು ಮೊದಲು ಶಂಕಿಸಲಾಯಿತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂಶೋಧಕರು ಇದು ತಲೆಮಾರಿನಿಂದ ತಲೆಮಾರಿಗೆ ಬರುವ ಮೂಳೆಯ ರೋಗವೆಂದು ಗುರುತಿಸಿದರು. 'ಹಂದಿಗೋಡು ಕಾಯಿಲೆ' ಎಂಬ ಹೆಸರು ವೈದ್ಯಕೀಯ ಗ್ರಂಥಗಳನ್ನು ಸೇರಿತು. ಕೂಲಿಗೆ ಹೋಗಲಾರದ ತಂದೆ, ಅದೇ ಕಾಯಿಲೆ ಆರಂಭವಾದ ಮಗ, ಇಂತಹ ಮನೆಯಲ್ಲಿ 'ಒಮ್ಮೆಗೇ ಮಾಡಿಸೋಣವೇ, ಬೇರೆಬೇರೆಯಾಗಿ ಮಾಡಿಸೋಣವೇ' ಎಂಬುದು ಎರಡನೆಯ ಪ್ರಶ್ನೆ. ಮಾಡಿಸಲು ಸಾಧ್ಯವೇ ಎಂಬುದು ಮೊದಲನೆಯದು. ಆಯ್ಕೆಯ ಕುರಿತು ನಾನು ಇಲ್ಲಿ ಬರೆಯುತ್ತಿರುವುದೆಲ್ಲ ಆಯ್ಕೆ ಇರುವವರ ಮಾತು ಎಂಬ ಎಚ್ಚರ ಬಿಡಬಾರದೆಂದು ಇದನ್ನು ಹೇಳಿದೆ.

ಇನ್ನು ವಿಷಯಕ್ಕೆ ಬರೋಣ. ಒಮ್ಮೆಗೇ ಎರಡನ್ನೂ ಬದಲಿಸುವುದರ ಪರವಾಗಿರುವ ವಾದಗಳು ಪ್ರಬಲವಾಗಿವೆ. ಅರಿವಳಿಕೆ ಒಂದೇ ಬಾರಿ. ಆಸ್ಪತ್ರೆವಾಸ ಒಂದೇ ಬಾರಿ. ನೋವು, ಔಷಧ, ವ್ಯಾಯಾಮ, ಊರುಗೋಲು ಎಲ್ಲವೂ ಒಂದೇ ಬಾರಿ. ಒಟ್ಟು ವೆಚ್ಚವೂ ಸಾಮಾನ್ಯವಾಗಿ ಕಡಿಮೆ. ಎರಡೂ ಕಾಲುಗಳ ಉದ್ದವನ್ನು ಒಟ್ಟಿಗೇ ಹೊಂದಿಸಲು ಅವಕಾಶವಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎರಡೂ ಸೊಂಟಗಳು ಮಡಿಚಿಕೊಂಡು ಬಿಗಿದುಹೋದ ರೋಗಿಗೆ ಒಂದು ಬದಿಯನ್ನು ಮಾತ್ರ ಸರಿಪಡಿಸಿದರೆ ಸಾಲದು. ಬಿಗಿದ ಇನ್ನೊಂದು ಬದಿ ಅವನನ್ನು ನೆಟ್ಟಗೆ ನಿಲ್ಲಲು ಬಿಡುವುದಿಲ್ಲ. ಹೊಸ ಕೀಲಿಗೆ ಬೇಕಾದ ನಡಿಗೆಯ ಅಭ್ಯಾಸವೇ ಆಗುವುದಿಲ್ಲ. ಸ್ಪಾಂಡಿಲೈಟಿಸ್‌ನಿಂದ ಬಳಲುವ ಯುವಕರಿಗೆ ಶಸ್ತ್ರಚಿಕಿತ್ಸಕರು ಒಮ್ಮೆಗೇ ಎರಡನ್ನೂ ಸೂಚಿಸುವುದಕ್ಕೆ ಇದೇ ಕಾರಣ.

ವಿರುದ್ಧದ ವಾದಗಳನ್ನೂ ಅಷ್ಟೇ ಗಂಭೀರವಾಗಿ ಪರಿಗಣಿಸಬೇಕು. ಎರಡು ಶಸ್ತ್ರಚಿಕಿತ್ಸೆಗಳ ರಕ್ತನಷ್ಟ ಒಂದೇ ದಿನ ಆಗುತ್ತದೆ. ಆದ್ದರಿಂದ ಹೊರಗಿನ ರಕ್ತ ಕೊಡಬೇಕಾಗುವ ಸಂಭವ ಹೆಚ್ಚು. ಟ್ರಾನೆಕ್ಸಾಮಿಕ್ ಆ್ಯಸಿಡ್ ಎಂಬ ಔಷಧದ ಬಳಕೆಯಿಂದ ಈ ನಷ್ಟ ಇಂದು ಗಣನೀಯವಾಗಿ ತಗ್ಗಿದೆ ನಿಜ, ಇಲ್ಲವಾಗಿಲ್ಲ. ತೊಡೆಯೆಲುಬಿನ ಒಳಗೆ ಕಡ್ಡಿ ಇಳಿಸುವಾಗ ಮಜ್ಜೆಯ ಕೊಬ್ಬಿನ ಕಣಗಳು ರಕ್ತದಲ್ಲಿ ಸೇರಿ ಶ್ವಾಸಕೋಶವನ್ನು ತಲುಪುತ್ತವೆ. ಆರೋಗ್ಯವಂತ ಶ್ವಾಸಕೋಶ ಇದನ್ನು ತಾಳಿಕೊಳ್ಳುತ್ತದೆ. ಕೆಲವೇ ಗಂಟೆಗಳಲ್ಲಿ ಎರಡು ಬಾರಿ ಬರುವ ಈ ಹೊರೆಯನ್ನು ದುರ್ಬಲ ಹೃದಯ, ದುರ್ಬಲ ಶ್ವಾಸಕೋಶಗಳು ತಾಳದೇ ಹೋಗಬಹುದು. ಮಗ್ಗುಲಾಗಿ ಮಲಗಿಸಿ ಮಾಡುವ ವಿಧಾನದಲ್ಲಿ ಒಂದು ಬದಿ ಮುಗಿದ ಮೇಲೆ ರೋಗಿಯನ್ನು ಹೊರಳಿಸಿ, ಮತ್ತೆ ಶುದ್ಧಗೊಳಿಸಿ, ಮತ್ತೆ ಹೊದಿಕೆ ಹಾಸಿ ಇನ್ನೊಂದು ಬದಿ ಆರಂಭಿಸಬೇಕಾಗುತ್ತದೆ. ಹೀಗಾಗಿ ವಯಸ್ಸು ಬಹಳ ಆದವರಿಗೆ, ಹೃದ್ರೋಗಿಗಳಿಗೆ, ಶ್ವಾಸಕೋಶದ ತೊಂದರೆ ಇರುವವರಿಗೆ ಬೇರೆಬೇರೆಯಾಗಿ ಮಾಡುವುದೇ ಲೇಸೆಂಬುದು ಸಾಮಾನ್ಯ ಅಭಿಪ್ರಾಯ.

ಈ ಬಗ್ಗೆ ನಮ್ಮ ದೇಶದ್ದೇ ಒಂದು ಮಹತ್ವದ ಅಧ್ಯಯನವಿದೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ತಜ್ಞರು 168 ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಮ್ಮೆಗೇ, ಇನ್ನೊಂದಕ್ಕೆ ಎರಡು ಹಂತಗಳಲ್ಲಿ ಚಿಕಿತ್ಸೆ ನೀಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಮ್ಮೆಗೇ ಮಾಡಿಸಿಕೊಂಡವರಿಗೆ ಹೆಚ್ಚು ರಕ್ತ ಕೊಡಬೇಕಾಯಿತು; ಆಸ್ಪತ್ರೆಯಲ್ಲಿ ಕಳೆದ ಒಟ್ಟು ದಿನಗಳು ಕಡಿಮೆಯಾದವು; ತೊಡಕುಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿದವರು 'ಹಾಗಾದರೆ ಒಮ್ಮೆಗೇ ಮಾಡಿಸುವುದೇ ಸರಿ' ಎಂಬ ತೀರ್ಮಾನಕ್ಕೆ ಬರಬಹುದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಮೊದಲು ಕಲಿಸಿದ ಪಾಠವೆಂದರೆ, ಸರಾಸರಿಯೊಂದು ಯಾರ ಸರಾಸರಿ ಎಂದು ಕೇಳಬೇಕೆಂಬುದು. ನುರಿತ ತಂಡ, ರಕ್ತನಿಧಿ, ತೀವ್ರ ನಿಗಾ ಘಟಕಗಳಿರುವ ದೊಡ್ಡ ಸಂಸ್ಥೆಯಲ್ಲಿ ಬಂದ ಫಲಿತಾಂಶ, ವರ್ಷಕ್ಕೆ ಬೆರಳೆಣಿಕೆಯಷ್ಟು ಇಂತಹ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಯಲ್ಲೂ ಬರುತ್ತದೆಂದು ಹೇಳಲಾಗದು. ಹಾಗೆಯೇ, ಗುಂಪಿಗೆ ಸುರಕ್ಷಿತವಾದದ್ದು ಆ ಗುಂಪನ್ನು ಹೋಲದ ವ್ಯಕ್ತಿಗೂ ಸುರಕ್ಷಿತವೆಂದು ಭಾವಿಸಲಾಗದು.

ನನ್ನ ವಿಷಯದಲ್ಲಿ ಈ ಮಾತು ನಿರ್ಣಾಯಕವಾಯಿತು. ಮೂರು ವರ್ಷದ ಹಿಂದೆ ನನ್ನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಅಳವಡಿಸಲಾಗಿತ್ತು. ಹಿಮೋಗ್ಲೋಬಿನ್ ಕೂಡ ಇರಬೇಕಾದುದಕ್ಕಿಂತ ಕಡಿಮೆಯಿತ್ತು. ಮೊದಲು ಭೇಟಿಯಾದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕರಿಗಿಂತ ಮುಂಚೆ ಮಾತಾಡಿದವರು ಹಣಕಾಸು ಸಲಹೆಗಾರರು. ಎರಡನ್ನೂ ಒಟ್ಟಿಗೆ ಮಾಡಿಸಿದರೆ ಎರಡನೆಯದಕ್ಕೆ ರಿಯಾಯಿತಿ ಇದೆಯೆಂದು, ಹಬ್ಬದ ಸೀರೆ ಮಾರಾಟದ ಧಾಟಿಯಲ್ಲಿ, ಮುದ್ರಿತ ದರಪಟ್ಟಿ ಮುಂದಿಟ್ಟು ವಿವರಿಸಿದರು. ಎರಡನೆಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕರು ನನ್ನನ್ನು ಅರಿವಳಿಕೆ ತಜ್ಞೆಯ ಬಳಿಗೆ ಕಳುಹಿಸಿದರು. ಆಕೆ ಅರ್ಧ ಗಂಟೆ ಪ್ರಶ್ನೆ ಕೇಳಿ, ಹೃದಯದ ಎಕೋ ವರದಿ ನೋಡಿ ಹೇಳಿದ್ದು ಇಷ್ಟೇ: 'ಸರ್, ನಿಮ್ಮ ಸೊಂಟಕ್ಕೆ ಅವಸರವಿದೆ. ನಿಮ್ಮ ಹೃದಯಕ್ಕೆ ಅವಸರವಿಲ್ಲ. ನಾನು ಹೃದಯದ ಪರವಾಗಿ ಮಾತನಾಡುವವಳು.' ಹೆಚ್ಚು ನೋವಿದ್ದ ಬಲಗಡೆಯದನ್ನು ಮೊದಲು, ನಾಲ್ಕು ತಿಂಗಳ ನಂತರ ಎಡಗಡೆಯದನ್ನು ಮಾಡಿಸಿಕೊಂಡೆ.

ಈ ನಾಲ್ಕು ತಿಂಗಳ ಅಂತರದ ಬಗ್ಗೆ ಎರಡು ಮಾತು. ಅರ್ಥಶಾಸ್ತ್ರಜ್ಞರು ನಿರ್ಧಾರವನ್ನು ಮುಂದೂಡುವ ಅವಕಾಶಕ್ಕೂ ಒಂದು ಬೆಲೆಯಿದೆ ಎನ್ನುತ್ತಾರೆ. ಮೊದಲನೆಯದರಲ್ಲಿ ಸೋಂಕಾದರೆ, ರಕ್ತ ಹೆಪ್ಪುಗಟ್ಟಿದರೆ, ಹೃದಯ ಮುನಿಸಿಕೊಂಡರೆ ಎರಡನೆಯದನ್ನು ನಿಲ್ಲಿಸಿ ಯೋಚಿಸುವ ಅವಕಾಶ ನನಗಿತ್ತು. ಒಮ್ಮೆಗೇ ಮಾಡುವಾಗಲೂ ಈ ಅವಕಾಶ ಪೂರ್ತಿ ಇಲ್ಲವಾಗುವುದಿಲ್ಲ. ಮೊದಲ ಬದಿ ಮುಗಿದ ಕೂಡಲೇ ಅರಿವಳಿಕೆ ತಜ್ಞರು ರಕ್ತದೊತ್ತಡ, ಆಮ್ಲಜನಕ, ರಕ್ತನಷ್ಟಗಳನ್ನು ನೋಡಿ 'ಇವತ್ತಿಗೆ ಸಾಕು' ಎಂದು ಹೇಳಬಹುದಾದ ವ್ಯವಸ್ಥೆ ಒಳ್ಳೆಯ ಆಸ್ಪತ್ರೆಗಳಲ್ಲಿದೆ. ಆ ಮಾತು ಹೇಳುವ ಅಧಿಕಾರ ಅವರಿಗೆ ನಿಜವಾಗಿ ಇದೆಯೇ ಎಂಬುದನ್ನು ರೋಗಿ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಆದರೆ ಅಂತರಕ್ಕೆ ತೆರಬೇಕಾದ ಬೆಲೆಯೂ ಇದೆ. ನಾಲ್ಕು ತಿಂಗಳು ಒಂದು ಹೊಸ ಕಾಲು, ಒಂದು ಹಳೆಯ ಕಾಲಿನ ನಡುವೆ ಕಾಲ ಕಳೆಯಬೇಕು. ಉದ್ದದಲ್ಲಿ ವ್ಯತ್ಯಾಸ ಬಂದರೆ ಚಪ್ಪಲಿಗೆ ಅಟ್ಟೆ ಏರಿಸಿಕೊಳ್ಳಬೇಕು. ಎರಡನೆಯ ಸಲ ಶಸ್ತ್ರಚಿಕಿತ್ಸಾ ಕೊಠಡಿಗೆ ಹೋಗುವಾಗ ಏನು ಕಾದಿದೆಯೆಂಬುದು ತಿಳಿದಿರುತ್ತದೆ. ತಿಳಿದಿರುವುದರಿಂದ ಸಿದ್ಧತೆ ಸುಲಭ, ಭಯ ಹೆಚ್ಚು.

ಫಿಸಿಯೋಥೆರಪಿ ಕೊಠಡಿಯಲ್ಲಿ ಪರಿಚಯವಾದವರೊಬ್ಬರ ವಿಷಯ ಇಲ್ಲಿ ಹೇಳಲೇಬೇಕು. ಸರಕು ಸಾಗಿಸುವ ಆಟೊ ಓಡಿಸುವ, ಮೂವತ್ತನಾಲ್ಕು ವರ್ಷದ ಯುವಕ. ಎರಡೂ ತೊಡೆಯೆಲುಬಿನ ತಲೆಗಳು ಸತ್ತು ಕುಸಿದಿದ್ದವು. ಹೃದಯ, ಶ್ವಾಸಕೋಶ ಗಟ್ಟಿಯಾಗಿದ್ದವು. ಹೆಂಡತಿ ಗಾರ್ಮೆಂಟ್ಸ್ ಕಾರ್ಖಾನೆಯ ಉದ್ಯೋಗಿ. ರಜೆ ಹಾಕಿದ ದಿನದ ಸಂಬಳವಿಲ್ಲ. ಅವರು ಎರಡನ್ನೂ ಒಮ್ಮೆಗೇ ಮಾಡಿಸಿಕೊಂಡಿದ್ದರು. ಯಾಕೆ ಎಂದು ಕೇಳಿದೆ. 'ಸಾರ್, ನಾನು ಎರಡು ಸಲ ಮಲಗಿದ್ರೆ ಮನೇನೂ ಎರಡು ಸಲ ಮಲಗುತ್ತೆ' ಎಂದರು. ವೆಚ್ಚ ಲಾಭಗಳ ವಿಶ್ಲೇಷಣೆಯ ಮೇಲೆ ನಾನು ಓದಿದ ಪುಸ್ತಕಗಳಲ್ಲಿ ಇದಕ್ಕಿಂತ ಅಡಕವಾದ ವಾಕ್ಯ ಸಿಕ್ಕಿದ ನೆನಪಿಲ್ಲ. ಅವರ ವೈದ್ಯರೂ ಅದನ್ನೇ ಸೂಚಿಸಿದ್ದರು. ಮೂರು ತಿಂಗಳಾಗುವ ಹೊತ್ತಿಗೆ ಅವರು ಮತ್ತೆ ಆಟೊ ಹತ್ತಿದ್ದರು. ಆಗ ನಾನಿನ್ನೂ ಎರಡನೆಯ ಶಸ್ತ್ರಚಿಕಿತ್ಸೆಯ ದಿನಾಂಕಕ್ಕಾಗಿ ಕಾಯುತ್ತಿದ್ದೆ. ಅವರ ನಿರ್ಧಾರ ಸರಿ, ನನ್ನದೂ ಸರಿ. ಒಂದೇ ಪ್ರಶ್ನೆಗೆ ಎರಡು ಸರಿಯುತ್ತರಗಳಿರುವುದು ಸಾಧ್ಯವೆಂಬುದನ್ನು ನಮ್ಮ ಚರ್ಚೆಗಳು ಮರೆಯುತ್ತವೆ.

ಆದರೆ ಅವರ ಮೊದಲ ವಾರಗಳು ಸುಲಭವಾಗಿರಲಿಲ್ಲ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮೊದಲು ಎಂಬುದು ಫಿಸಿಯೋಥೆರಪಿಯ ಪ್ರಥಮ ಸೂತ್ರ. ಎರಡೂ ಶಸ್ತ್ರಚಿಕಿತ್ಸೆಯಾದ ಕಾಲುಗಳಾದವನಿಗೆ ಒಳ್ಳೆಯ ಕಾಲು ಯಾವುದು? ಹಾಸಿಗೆಯಿಂದ ಏಳಲು, ಶೌಚಾಲಯಕ್ಕೆ ಹೋಗಲು, ಸ್ನಾನ ಮಾಡಲು ಮತ್ತೊಬ್ಬರ ತೋಳು ಬೇಕು. ಹಿಂಬದಿಯಿಂದ ಶಸ್ತ್ರಚಿಕಿತ್ಸೆಯಾದವರು ಕೀಲು ಜಾರದಂತೆ ಕೆಲಕಾಲ ಸೊಂಟವನ್ನು ಲಂಬಕೋನಕ್ಕಿಂತ ಹೆಚ್ಚು ಮಡಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ತಗ್ಗಿನ ಆಸನದಲ್ಲಿ ಕೂರಬಾರದು. ನೆಲದ ಮೇಲೆ ಕುಳಿತು ಉಣ್ಣುವ, ನೆಲಮಟ್ಟದ ಶೌಚಾಲಯ ಬಳಸುವ, ನೆಲದ ಮೇಲೆ ಚಾಪೆ ಹಾಸಿ ಮಲಗುವ ಮನೆಯಲ್ಲಿ ಈ ಸೂಚನೆಗಳನ್ನು ಪಾಲಿಸುವುದೆಂದರೆ ಮನೆಯನ್ನೇ ಬದಲಿಸಿದಂತೆ. ಮಂಚ, ಎತ್ತರದ ಕುರ್ಚಿ, ಕಮೋಡ್ ಕುರ್ಚಿ, ವಾಕರ್ ಇವು ಯಾವ ಪ್ಯಾಕೇಜಿನಲ್ಲೂ ಕಾಣುವುದಿಲ್ಲ. ಮನೆಯ ಹೆಂಗಸರ ದುಡಿಮೆಯಂತೂ ಯಾವ ಲೆಕ್ಕಕ್ಕೂ ಬರುವುದಿಲ್ಲ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಕೈಯಿಂದ ನೇರವಾಗಿ ತೆರುವ ಪಾಲು 2013-14ರಲ್ಲಿ ಶೇ 64.2ರಷ್ಟಿದ್ದದ್ದು 2021-22ರಲ್ಲಿ ಶೇ 39.4ಕ್ಕೆ ಇಳಿದಿದೆಯೆಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳು ಹೇಳುತ್ತವೆ. ಸಂತೋಷದ ಸಂಗತಿ. ಆದರೆ ಕಳೆದುಕೊಂಡ ಕೂಲಿಯೂ ಶುಶ್ರೂಷೆಗೆ ನಿಂತವರ ದುಡಿಮೆಯೂ ಆ ಲೆಕ್ಕದಿಂದ ಹೊರಗೇ ಉಳಿಯುತ್ತವೆ.

ಹಣದ ವಿಷಯಕ್ಕೆ ಬಂದರೆ ಒಂದು ವಿಚಿತ್ರ ಕಾಣುತ್ತದೆ. ನಗದು ಕೊಡುವ ರೋಗಿಗೆ ಆಸ್ಪತ್ರೆಯ ರಿಯಾಯಿತಿ ಪ್ಯಾಕೇಜ್ 'ಒಮ್ಮೆಗೇ ಮಾಡಿಸು' ಎನ್ನುತ್ತದೆ. ಖಾಸಗಿ ವಿಮೆಯಿದ್ದವನ ಲೆಕ್ಕ ಬೇರೆ. ವಿಮೆಯ ಮೊತ್ತ ವರ್ಷಕ್ಕಿಷ್ಟೆಂದು ಸೀಮಿತವಾಗಿರುವುದರಿಂದ, ಒಂದನ್ನು ಈ ಪಾಲಿಸಿ ವರ್ಷದಲ್ಲೂ ಇನ್ನೊಂದನ್ನು ಮುಂದಿನ ವರ್ಷದಲ್ಲೂ ಮಾಡಿಸಿದರೆ ಎರಡು ವರ್ಷದ ಮೊತ್ತ ದೊರಕುತ್ತದೆ. ಆ ಪಾಲಿಸಿ 'ಬೇರೆಬೇರೆಯಾಗಿ ಮಾಡಿಸು' ಎನ್ನುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ, ಒಂದೇ ಬಾರಿಗೆ ಹಲವು ಶಸ್ತ್ರಚಿಕಿತ್ಸೆಗಳಾದರೆ ಮೊದಲನೆಯದಕ್ಕೆ ಪೂರ್ಣ ದರ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಕಾಲು ಭಾಗ ಎಂಬ ನಿಯಮವನ್ನು ಇರಿಸಲಾಯಿತು. ಬೊಕ್ಕಸದ ದೃಷ್ಟಿಯಿಂದ ಇದು ತರ್ಕಬದ್ಧ. ಆದರೆ ಸೊಂಟದ ಎರಡನೆಯ ಕೀಲಿಗೆ ಬೇಕಾಗುವ ಶ್ರಮ, ಸಮಯ ಅರ್ಧವಲ್ಲ. ಹೀಗಿರುವಾಗ ಇಂತಹ ನಿಯಮ ಆಸ್ಪತ್ರೆಯ ಮನಸ್ಸನ್ನು ಎರಡು ಪ್ರತ್ಯೇಕ ಶಸ್ತ್ರಚಿಕಿತ್ಸೆಗಳ ಕಡೆಗೆ ವಾಲಿಸಿದರೆ ಆಶ್ಚರ್ಯವಿಲ್ಲ. ಅಂದರೆ, ಒಂದೇ ಸೊಂಟ, ಒಂದೇ ಹೃದಯವಿರುವ ಒಬ್ಬನೇ ಮನುಷ್ಯನಿಗೆ, ಹಣ ಯಾವ ಕಿಸೆಯಿಂದ ಬರುತ್ತದೆ ಎಂಬುದರ ಮೇಲೆ ಮೂರು ಬೇರೆ ಬೇರೆ ಸಲಹೆಗಳು ಸಿಗಬಹುದು. ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಿಲ್ಲ. ದರಗಳ ರಚನೆಯೇ ಮೌನವಾಗಿ ಈ ಕೆಲಸ ಮಾಡುತ್ತದೆ.

1963ರಲ್ಲಿ ಅರ್ಥಶಾಸ್ತ್ರಜ್ಞ ಕೆನೆತ್ ಆರೋ ವೈದ್ಯಕೀಯ ಸೇವೆಯ ಮಾರುಕಟ್ಟೆ ಇತರ ಮಾರುಕಟ್ಟೆಗಳಂತಲ್ಲ ಎಂದು ವಾದಿಸಿದರು. ಇಲ್ಲಿ ಕೊಳ್ಳುವವನಿಗೆ ತನಗೆ ಬೇಕಾದುದು ಏನೆಂಬುದು ತಿಳಿದಿರುವುದಿಲ್ಲ; ಅದನ್ನು ಹೇಳುವವನೇ ಮಾರುವವನು. ಆದ್ದರಿಂದ ಈ ಮಾರುಕಟ್ಟೆ ನಿಂತಿರುವುದು ನಂಬಿಕೆಯ ಮೇಲೆ. ನಂಬಿಕೆಗೆ ಬೆಂಬಲವಾಗಿ ನಿಲ್ಲಬೇಕಾದದ್ದು ತಿಳಿವಳಿಕೆಯಿಂದ ಕೂಡಿದ ಒಪ್ಪಿಗೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಚಿಕಿತ್ಸೆಯ ಸ್ವರೂಪ, ಅದಕ್ಕಿರುವ ಪರ್ಯಾಯಗಳು, ಗಂಡಾಂತರಗಳು ಇವನ್ನು ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕು. ಜೀವಕ್ಕೆ ಅಪಾಯವಿರುವ ತುರ್ತು ಸಂದರ್ಭವಲ್ಲದಿದ್ದರೆ ಒಂದು ಶಸ್ತ್ರಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಅನ್ವಯಿಸದು. ಎರಡು ಸೊಂಟಗಳ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ತೀರ್ಪು ಬೇಕೇ? ಆದರೂ ವಾರ್ಡಿನಲ್ಲಿ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಇಂಗ್ಲಿಷಿನ ಸಣ್ಣಕ್ಷರದ ನಮೂನೆಗೆ ಸಹಿ ಹಾಕಿಸಿಕೊಳ್ಳುವುದೇ ಒಪ್ಪಿಗೆಯೆಂಬ ರೂಢಿ ಎಷ್ಟೋ ಕಡೆ ಮುಂದುವರಿದಿದೆ.

ಕೀಲಿನ ಗುಣಮಟ್ಟದ ಪ್ರಶ್ನೆಯೂ ಇದೆ. ಎರಡನ್ನೂ ಒಂದೇ ದಿನ ಬದಲಿಸಿಕೊಂಡವನು ಒಂದೇ ಮಾದರಿಯ ಎರಡು ಕೀಲುಗಳನ್ನು ಒಟ್ಟಿಗೇ ನಂಬಿದಂತೆ. ಬಹುತೇಕ ಸಂದರ್ಭಗಳಲ್ಲಿ ಈ ನಂಬಿಕೆ ಹುಸಿಯಾಗುವುದಿಲ್ಲ. ಆಸ್ಟ್ರೇಲಿಯಾ ಮತ್ತು ಫಿನ್ಲೆಂಡ್‌ಗಳ ನೋಂದಣಿ ದಾಖಲೆಗಳನ್ನು ಆಧರಿಸಿ 2019ರಲ್ಲಿ 'ದಿ ಲ್ಯಾನ್ಸೆಟ್' ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಬದಲಿ ಸೊಂಟಗಳಲ್ಲಿ ನೂರಕ್ಕೆ ಸುಮಾರು 58 ಇಪ್ಪತ್ತೈದು ವರ್ಷ ಬಾಳುತ್ತವೆ. ಆದರೆ 2010ರ ಆಗಸ್ಟ್‌ನಲ್ಲಿ ಡೆಪ್ಯೂ ಕಂಪನಿ ತನ್ನ 'ಎಎಸ್‌ಆರ್' ಮಾದರಿಯ ಲೋಹದ ಕೀಲುಗಳನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಾಗ ಏನಾಯಿತೆಂಬುದನ್ನು ಮರೆಯಲಾಗದು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಆ ಕೀಲುಗಳು ಬಳಕೆಯಾಗಿದ್ದವು. ಕೇಂದ್ರ ಸರ್ಕಾರ ಪರಿಹಾರದ ಸೂತ್ರ ಪ್ರಕಟಿಸಿದ್ದು 2018ರಲ್ಲಿ. ಅಷ್ಟು ಹೊತ್ತಿಗೂ ಆ ರೋಗಿಗಳಲ್ಲಿ ಹೆಚ್ಚಿನವರು ಎಲ್ಲಿದ್ದಾರೆಂಬುದು ಪತ್ತೆಯಾಗಿರಲಿಲ್ಲ. ಸ್ವೀಡನ್ 1979ರಿಂದಲೇ ಪ್ರತಿಯೊಂದು ಬದಲಿ ಸೊಂಟದ ಲೆಕ್ಕ ಇಡುತ್ತಿದೆ. ನಮ್ಮಲ್ಲಿ ಸೊಂಟ ಮತ್ತು ಮೊಣಕಾಲು ಶಸ್ತ್ರಚಿಕಿತ್ಸಕರ ಸಂಘ 2006ರಲ್ಲಿ ನೋಂದಣಿ ಆರಂಭಿಸಿತು. ಅದು ವೈದ್ಯರ ಸ್ವಂತ ಇಚ್ಛೆಯನ್ನು ಅವಲಂಬಿಸಿದ ವ್ಯವಸ್ಥೆ. ಬೆಲೆಯ ವಿಷಯದಲ್ಲೂ ಸೊಂಟ ಹಿಂದೆ ಉಳಿಯಿತು. 2017ರ ಆಗಸ್ಟ್‌ನಲ್ಲಿ ಔಷಧ ಬೆಲೆ ಪ್ರಾಧಿಕಾರ ಮೊಣಕಾಲಿನ ಕೃತಕ ಕೀಲುಗಳಿಗೆ ಗರಿಷ್ಠ ಬೆಲೆ ನಿಗದಿಪಡಿಸಿದಾಗ ಸೊಂಟದ ಕೀಲು ಆ ಆದೇಶದ ವ್ಯಾಪ್ತಿಗೆ ಬರಲಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಸುಧಾರಣೆಗಳ ಪಟ್ಟಿ ಕೊಡುವ ಉದ್ದೇಶ ನನಗಿಲ್ಲ. ಸೇವೆಯಲ್ಲಿದ್ದಾಗ ಕಲಿತದ್ದೆಂದರೆ, ಕಡತದಲ್ಲಿ ಕಾರಣ ಬರೆಯಲೇಬೇಕು ಎಂಬ ಒಂದು ಸಣ್ಣ ನಿಯಮ ಎಷ್ಟೋ ಅನ್ಯಾಯಗಳನ್ನು ತಡೆಯುತ್ತದೆ. ಅದನ್ನೇ ಇಲ್ಲಿಗೂ ತರಬಹುದು. ಎರಡೂ ಸೊಂಟಗಳು ಹಾಳಾದ ಪ್ರತಿ ರೋಗಿಯ ದಾಖಲೆಯಲ್ಲಿ, ಒಮ್ಮೆಗೇ ಅಥವಾ ಬೇರೆಬೇರೆಯಾಗಿ ಎಂಬ ಸಲಹೆ ಯಾಕೆ ಎಂಬುದನ್ನು ಶಸ್ತ್ರಚಿಕಿತ್ಸಕರೂ ಅರಿವಳಿಕೆ ತಜ್ಞರೂ ನಾಲ್ಕು ಸಾಲಿನಲ್ಲಿ ಬರೆದು ಸಹಿ ಮಾಡಲಿ. ಅದರ ಕನ್ನಡ ಪ್ರತಿ ರೋಗಿಗೆ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯಲ್ಲ, ಕನಿಷ್ಠ ಒಂದು ವಾರ ಮೊದಲು ಸಿಗಲಿ. ಸರ್ಕಾರಿ ಯೋಜನೆಗಳಲ್ಲಿ ಮೊದಲ ಹಂತಕ್ಕೆ ಅನುಮೋದನೆ ಕೊಡುವಾಗಲೇ ಎರಡನೆಯ ಹಂತಕ್ಕೂ ಭರವಸೆ ಇರಲಿ. ಒಂದು ಸೊಂಟ ಸರಿಯಾಗಿ ಇನ್ನೊಂದಕ್ಕಾಗಿ ಕಚೇರಿ ಅಲೆಯುವ ಸ್ಥಿತಿ ಬಾರದಿರಲಿ. ಆರು ವಾರಗಳ ಫಿಸಿಯೋಥೆರಪಿ, ವಾಕರ್, ಕಮೋಡ್ ಕುರ್ಚಿಗಳು ಪ್ಯಾಕೇಜಿನ ಭಾಗವಾಗಲಿ. ಸಾರ್ವಜನಿಕ ಹಣದಿಂದ ಹಾಕುವ ಪ್ರತಿಯೊಂದು ಕೀಲಿನ ಮಾದರಿ, ಕ್ರಮಸಂಖ್ಯೆ, ಫಲಿತಾಂಶ ಕಡ್ಡಾಯವಾಗಿ ನೋಂದಣಿಯಾಗಲಿ. ಹಣ ಕೊಡುವ ಸರ್ಕಾರಕ್ಕೆ ಈ ಷರತ್ತು ಹಾಕುವ ಹಕ್ಕಿದೆ.

ರೋಗಿಗಳಿಗೂ ಒಂದು ಮಾತು. ಹಲ್ಲಿನ ಸೋಂಕು, ಮೂತ್ರದ ಸೋಂಕು, ಹತೋಟಿಯಲ್ಲಿಲ್ಲದ ಸಕ್ಕರೆ, ಕಡಿಮೆ ಹಿಮೋಗ್ಲೋಬಿನ್ ಇವನ್ನು ಮೊದಲು ಸರಿಪಡಿಸಿಕೊಳ್ಳಿ. ಒಮ್ಮೆಯೋ ಎರಡು ಸಲವೋ ಎಂಬ ಚರ್ಚೆ ಅದರ ನಂತರದ್ದು. ಅರಿವಳಿಕೆ ತಜ್ಞರೊಂದಿಗೆ ಮುಂಚಿತವಾಗಿ ಮಾತನಾಡಲು ಅವಕಾಶ ಕೇಳಿ. ಆ ಆಸ್ಪತ್ರೆಯಲ್ಲಿ ವರ್ಷಕ್ಕೆ ಎಷ್ಟು ಮಂದಿಗೆ ಎರಡೂ ಸೊಂಟಗಳನ್ನು ಒಮ್ಮೆಗೇ ಬದಲಿಸಿದ್ದಾರೆಂದು ಸಂಕೋಚವಿಲ್ಲದೆ ವಿಚಾರಿಸಿ. ಮೊದಲ ಮೂರು ವಾರ ಹಗಲೂ ರಾತ್ರಿ ಜೊತೆಗೆ ಇರುವವರು ಯಾರು ಎಂಬುದನ್ನು ಮನೆಯಲ್ಲಿ ಹೆಸರು ಹಿಡಿದು ತೀರ್ಮಾನಿಸಿ. ದರಪಟ್ಟಿಯನ್ನು ಕೊನೆಯಲ್ಲಿ ನೋಡಿ. ಅದನ್ನು ನೋಡಲೇಬೇಕಾದವರು ನಮ್ಮಲ್ಲಿ ಬಹುಮಂದಿ ಎಂಬುದು ನನಗೆ ಗೊತ್ತು. ಆದರೆ ಮೊದಲು ಅದನ್ನೇ ನೋಡುವಂತೆ ಮಾಡುವ ವ್ಯವಸ್ಥೆಯನ್ನು ಬದಲಿಸುವುದು ರೋಗಿಯ ಕೈಯಲ್ಲಿಲ್ಲ, ಅದು ಸರ್ಕಾರದ ಮತ್ತು ಆಸ್ಪತ್ರೆಗಳ ಹೊಣೆ.